ಹತ್ತು ನಿಮಿಷ ನಲವತ್ತೆರಡು ಸೆಕೆಂಡು

ಕುಮಟಾ ಪೇಟೆಯಲ್ಲಿ ಕೈಗಡಿಯಾರ ಬಿಚ್ಚಿ ರಿಪೇರಿ ಮಾಡುವವರು ಈಗ ಇಬ್ಬರೇ ಉಳಿದಿದ್ದಾರೆ. ಅವರಲ್ಲಿ ಪ್ರಮೋದ ಒಬ್ಬ. ಪ್ರಾಯ ಐವತ್ತನಾಲ್ಕು. ಮೂವತ್ತು ವರ್ಷಕ್ಕೂ ಮಿಕ್ಕಿ ಭೂತಗನ್ನಡಿ ಸಿಕ್ಕಿಸಿಕೊಂಡು ಬಲಗಣ್ಣಿನ ಸುತ್ತ ಉಂಗುರದಂಥ ಗುರುತೊಂದು ಕೂತುಬಿಟ್ಟಿದೆ. ಮಾತು ಕಡಿಮೆ. ಆದರೆ ಆಡಿದ ಮಾತನ್ನು ಊರು ನಂಬುತ್ತದೆ. ಈ ವಾಚು ಇನ್ನು ನಡೆಯುವುದಿಲ್ಲ ಎಂದು ಅವನು ಹೇಳಿದರೆ ಜನ ಮತ್ತೊಬ್ಬರಲ್ಲಿಗೆ ಹೋಗುವುದಿಲ್ಲ, ಮನೆಗೆ ಒಯ್ದು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ.

ಪಡುಗಡಲು ಅಥ್ಲೆಟಿಕ್ ಸಂಘದವರು ಅವನ ಕೈಗೆ ಸ್ಟಾಪ್‌ವಾಚು ಕೊಟ್ಟದ್ದೂ ಈ ನಂಬಿಕೆಯಿಂದಲೇ. ಮೊದಲು ಅವನ ತಂದೆ ಆ ಕೆಲಸ ಮಾಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಮಗನ ಪಾಲಿಗೆ ಬಂತು. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲೂಕಿನ ಓಟಗಾರರು ಸೇರಿ ಕಟ್ಟಿಕೊಂಡ ಸಂಘ ಅದು. ಎಲ್ಲರೂ ಹವ್ಯಾಸಕ್ಕೆ ಓಡುವವರು, ಜಿಗಿಯುವವರು, ಗುಂಡು ಎಸೆಯುವವರು. ಹೊಟ್ಟೆಪಾಡಿಗೆ ಒಬ್ಬೊಬ್ಬರದು ಒಂದೊಂದು ಕೆಲಸ.

ಎರಡು ಸಾವಿರದ ಇಪ್ಪತ್ತೈದಕ್ಕೆ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಅಧ್ಯಕ್ಷೆ ಸುಚಿತಾ ಹೊನ್ನಾವರದಲ್ಲಿ ಹಲ್ಲಿನ ಡಾಕ್ಟರು, ಕಾಲೇಜು ದಿನಗಳಲ್ಲಿ ಉದ್ದ ಜಿಗಿತದಲ್ಲಿ ಹೆಸರು ಮಾಡಿದವಳು. ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಸಭೆ ಕರೆದು, ಸಂಘದ ಚರಿತ್ರೆಯನ್ನು ಪುಸ್ತಕ ಮಾಡಿ ಜನವರಿಯ ಕೂಟದ ದಿನ ಹಂಚಬೇಕು, ಬರೆಯುವವರು ಪ್ರಮೋದಣ್ಣ ಎಂದು ಹೇಳಿಬಿಟ್ಟಳು. ತನಗೆ ಬರೆದು ರೂಢಿಯಿಲ್ಲ ಎಂದು ಅವನು ತಪ್ಪಿಸಿಕೊಳ್ಳಲು ನೋಡಿದ. ತಂದೆಯ ಕೈ ಹಿಡಿದು ಬಂದ ದಿನದಿಂದ ಒಂದೂ ಕೂಟ ತಪ್ಪಿಸದೆ ಕಂಡವರು ನೀವೊಬ್ಬರೇ, ಕಂಡದ್ದನ್ನು ಬರೆದರೆ ಸಾಕು ಎಂದು ಎಲ್ಲರೂ ಸೇರಿ ಒಪ್ಪಿಸಿದರು.

ಬರೆಯಲು ಕೂತ ಮೇಲೆ ಅದು ಅಷ್ಟೇನೂ ಕಷ್ಟವಾಗಲಿಲ್ಲ. ಮಳೆಗಾಲದಲ್ಲಿ ಅಂಗಡಿಗೆ ಬರುವವರು ಕಡಿಮೆ. ಬಿಚ್ಚಿಟ್ಟ ಗಡಿಯಾರಗಳ ಪಕ್ಕದಲ್ಲೇ ಇನ್ನೂರು ಪುಟದ ನೋಟುಪುಸ್ತಕ ತೆರೆದು ದಿನಕ್ಕೊಂದು ಪುಟ ಬರೆಯುತ್ತ ಹೋದ. ಹೊನ್ನಾವರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದ ಅನಂತಮೂರ್ತಿಯವರು ಹನ್ನೊಂದು ಜನರನ್ನು ಕೂಡಿಸಿ ಸಂಘ ಕಟ್ಟಿದ್ದು. ಮೈದಾನ ಸಿಗದೆ ಮೊದಲನೆಯ ಕೂಟವನ್ನು ಕಾಗಾಲದಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಸಿದ್ದು. ಹೊಳೆಯಿಂದ ಹೆಕ್ಕಿ ತಂದ ದುಂಡುಕಲ್ಲನ್ನು ಕೊಬ್ಬರಿ ವ್ಯಾಪಾರಿಯ ತಕ್ಕಡಿಯಲ್ಲಿ ತೂಗಿ, ಹೆಚ್ಚಾದದ್ದನ್ನು ಕಲ್ಲುಕುಟಿಗನಿಂದ ಕೆತ್ತಿಸಿ ಗುಂಡೆಸೆತಕ್ಕೆ ಬಳಸಿದ್ದು. ಅಡಿಕೆ ಮರದ ದಬ್ಬೆಯನ್ನು ಹೆರೆದು ಭರ್ಜಿ ಮಾಡಿದ್ದು, ಎರಡನೆಯ ಎಸೆತಕ್ಕೇ ಅದು ಸೀಳಿದ್ದು. ಮುರ್ಡೇಶ್ವರದ ಕಡೆಯ ಮೀನುಗಾರರು ಬೋಟಿನ ಕೆಲಸ ಮುಗಿಸಿ ಹಾಗೇ ಬಂದು ಹಗ್ಗ ಜಗ್ಗಾಟದಲ್ಲಿ ಎಲ್ಲರನ್ನೂ ಎಳೆದು ಕೆಡವಿದ್ದನ್ನು ಬರೆಯುವಾಗ ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕ. ಭಟ್ಕಳದ ಹಳೆಯ ಓಟಗಾರರೊಬ್ಬರು ದುಬೈಗೆ ಹೋಗಿ ನೆಲೆಸಿದವರು, ರಜೆಗೆ ಬಂದಾಗ ಸಂಘಕ್ಕೆಂದು ಅಂಕಿ ತೋರುವ ಹೊಸ ಸ್ಟಾಪ್‌ವಾಚು ತಂದುಕೊಟ್ಟದ್ದನ್ನೂ ಬರೆದ. ಅದು ೧೯೯೦ನೆಯ ಇಸವಿಯ ಕೊನೆ.

ಮುಂದಿನ ಪುಟದ ತಲೆಯ ಮೇಲೆ ೧೯೯೧ ಎಂದು ಬರೆದು ಪೆನ್ನು ಕೆಳಗಿಟ್ಟ. ಎರಡು ದಿನ ಬಿಟ್ಟು, ಆ ಪುಟವನ್ನು ಖಾಲಿ ಬಿಟ್ಟು, ತೊಂಬತ್ತೆರಡನ್ನು ಶುರುಮಾಡಿದ.

ತೊಂಬತ್ತೊಂದರಲ್ಲಿ ಆದದ್ದು ಊರಿಗೆಲ್ಲ ಗೊತ್ತಿರುವ ಸಂಗತಿಯೇ. ಸಂಘದ ಕೋಣೆಯ ಗೋಡೆಯಲ್ಲಿ ದಾಖಲೆಗಳ ಹಲಗೆ ಇದೆ. ಅದರಲ್ಲಿ ಹೆಂಗಸರ ಮೂರು ಸಾವಿರ ಮೀಟರ್ ಓಟದ ಸಾಲಿನಲ್ಲಿ 'ಗಣಪಿ, ಕಾಗಾಲ, ೧೯೯೧, ೧೦ ನಿಮಿಷ ೪೨ ಸೆಕೆಂಡು' ಎಂದಿದೆ. ಉಳಿದ ಸಾಲುಗಳನ್ನೆಲ್ಲ ಎಷ್ಟೋ ಸಲ ಅಳಿಸಿ ಬರೆದಾಗಿದೆ. ಆ ಒಂದು ಸಾಲಿನ ಬಣ್ಣ ಮಾತ್ರ ಹಳೆಯದು, ಮಾಸಿ ಹಳದಿಗೆ ತಿರುಗಿದೆ. ಹದಿನೇಳು ವರ್ಷದ ಒಕ್ಕಲಿನ ಹುಡುಗಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಹುಲ್ಲಿನ ಮೇಲೆ ಸುಣ್ಣದಲ್ಲಿ ಎಳೆದ ಮುನ್ನೂರು ಮೀಟರಿನ ವೃತ್ತವನ್ನು ಹತ್ತು ಸಲ ಸುತ್ತಿದ್ದಳು. ಎರಡನೆಯವಳಿಗಿಂತ ಮುಕ್ಕಾಲು ಸುತ್ತು ಮುಂದೆ.

ಊರಿಗೆ ಗೊತ್ತಿಲ್ಲದ್ದು ಪ್ರಮೋದನಿಗೆ ಒಬ್ಬನಿಗೇ ಗೊತ್ತಿತ್ತು. ಆ ದಿನ ಅವನ ಕೈಯಲ್ಲಿದ್ದುದು ದುಬೈಯಿಂದ ಬಂದ ಹೊಸ ಸ್ಟಾಪ್‌ವಾಚು. ಬಲಗಡೆಯ ಗುಂಡಿ ಒತ್ತಿದರೆ ನಿಲ್ಲುತ್ತದೆ, ನಿಂತ ಮೇಲೆ ಎಡಗಡೆಯದು ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ. ಇನ್ನೊಬ್ಬ ಸಮಯಪಾಲಕ ಗುಂಡೆಸೆತದ ಕಡೆ ಹೋಗಿದ್ದ. ಗಣಪಿ ಗೆರೆ ದಾಟಿದಾಗ ಇಪ್ಪತ್ತು ವರ್ಷದ ಪ್ರಮೋದ ಬಲಗಡೆಯ ಗುಂಡಿ ಒತ್ತಿದ. ಅವಳು ಓಡಿ ಬಂದದ್ದನ್ನು ನೋಡುತ್ತ ಮೈಮರೆತ ಅವನ ಹೆಬ್ಬೆರಳು ಅದರ ಬೆನ್ನಿಗೇ ಎಡಗಡೆಯದನ್ನೂ ಒತ್ತಿತು. ನೋಡಿದರೆ ಸಾಲಾಗಿ ಸೊನ್ನೆಗಳು. ಅಷ್ಟರಲ್ಲಿ ಅನಂತಮೂರ್ತಿ ಮಾಸ್ತರು ಪೆನ್ಸಿಲು ಹಿಡಿದು ಬಂದು, ಎಷ್ಟು ಎಂದು ಕೇಳಿದರು. ಸುತ್ತಲೂ ಜನ. ಕೈಗಡಿಯಾರದ ಅಂದಾಜಿನಲ್ಲಿ ಹತ್ತೂವರೆಗಿಂತ ಹೆಚ್ಚು, ಹನ್ನೊಂದಕ್ಕಿಂತ ಕಡಿಮೆ ಇರಬೇಕು ಅನಿಸಿತು. ಅದೂ ಖಾತ್ರಿಯಿಲ್ಲ. ಸುಮಾರು ಹತ್ತೂಮುಕ್ಕಾಲು ಎಂದು ಹೇಳಿದರೆ ಅನುಮಾನ ಬಂದೀತೆಂದು ಹತ್ತು ನಿಮಿಷ ನಲವತ್ತೆರಡು ಸೆಕೆಂಡು ಎಂದು ಹೇಳಿಬಿಟ್ಟ. ಮಾಸ್ತರು ಬರೆದುಕೊಂಡರು, ಮತ್ತೆ ಓದಿದರು, ಕಣ್ಣಲ್ಲಿ ನೀರು ತಂದುಕೊಂಡರು. ಸಂಜೆ ಹೇಳಿದರಾಯಿತು ಎಂದುಕೊಂಡ. ಸಂಜೆ ಮಾಸ್ತರು ಎಲ್ಲರಿಗೂ ಜಿಲೇಬಿ ಹಂಚುತ್ತಿದ್ದರು. ನಾಳೆ ಎಂದುಕೊಂಡ. ನಾಳೆಗೆ ಮಾಸ್ತರು ರಾಜ್ಯ ಕೂಟಕ್ಕೆ ಗಣಪಿಯ ಹೆಸರು ಬರೆದು ಅಂಚೆಗೆ ಹಾಕಿಯಾಗಿತ್ತು. ಧಾರವಾಡದ ಆ ಕೂಟಕ್ಕೆ ಅವಳು ಹೋದಳು, ಅಲ್ಲಿ ಏನೂ ಗೆಲ್ಲಲಿಲ್ಲ, ಬಂದ ಮೇಲೆ ಸಂಘದ ಕಡೆ ಸುಳಿಯಲೂ ಇಲ್ಲ. ಪ್ರಮೋದನಿಗೆ ತಿಳಿದದ್ದು ಅಷ್ಟೇ.

ಗಣಪಿ ಮುಂದೆ ಕಾಗಾಲದಲ್ಲೇ ಮದುವೆಯಾಗಿ, ತರಕಾರಿ ಬೆಳೆದು ಕುಮಟಾ ಪೇಟೆಗೆ ತಂದು ಮಾರತೊಡಗಿದಳು. ಪ್ರಮೋದನ ಅಂಗಡಿಯಿಂದ ಆ ಜಾಗ ನೂರು ಹೆಜ್ಜೆಯೂ ಇಲ್ಲ. ಇಷ್ಟು ವರ್ಷ ಅವನು ಮನೆಗೆ ಹೋಗುವಾಗ ಮೀನು ಮಾರ್ಕೆಟಿನ ದಾರಿ ಸುತ್ತಿಕೊಂಡು ಹೋಗುತ್ತಿದ್ದ. ತರಕಾರಿ ತರುವ ಕೆಲಸ ಹೆಂಡತಿ ಭಾರತಿಯದು. ಅವಳು ಗಣಪಿಯ ಖಾಯಂ ಗಿರಾಕಿ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅಂಕಿತಾ ಅಂಗಡಿಗೆ ಬಂದಳು. ಮುರ್ಡೇಶ್ವರದ ಹುಡುಗಿ, ಹತ್ತೊಂಬತ್ತು ವರ್ಷ, ಹೊನ್ನಾವರದಲ್ಲಿ ಡಿಗ್ರಿ ಓದುತ್ತಿದ್ದಳು. ತಂದೆ ಮೀನುದೋಣಿಗೆ ಹೋಗುವವರು, ತಾಯಿ ಹೋಟೆಲಿನ ಅಡುಗೆಮನೆಯಲ್ಲಿ. ಕಡಲು ಇಳಿದಿರುವ ಹೊತ್ತು ನೋಡಿಕೊಂಡು ದಿನವೂ ಗಟ್ಟಿ ಮರಳಿನ ಮೇಲೆ ಓಡುತ್ತಿದ್ದಳು. ಈಗ ಸಂಘದಲ್ಲಿ ಅವಳಷ್ಟು ಓಡುವವರಿಲ್ಲ. ಎರಡು ವರ್ಷದಿಂದ ಆ ಹಳದಿ ಸಾಲಿನ ಬೆನ್ನು ಹತ್ತಿದ್ದಳು. ಹಿಂದಿನ ಜನವರಿಯಲ್ಲಿ ಹತ್ತು ನಿಮಿಷ ನಲವತ್ತಮೂರೂವರೆ ಸೆಕೆಂಡಿಗೆ ಮುಗಿಸಿದ್ದಳು. ಒಂದೂವರೆ ಸೆಕೆಂಡಿಗೆ ತಪ್ಪಿದ್ದಕ್ಕೆ ಮೈದಾನದ ಮೂಲೆಯಲ್ಲಿ ಕೂತು ಅತ್ತದ್ದನ್ನು ಪ್ರಮೋದ ನೋಡಿದ್ದ.

ಅವಳು ಕೈಗಡಿಯಾರದ ಪಟ್ಟಿ ಬದಲಿಸಲು ಕೊಟ್ಟು, ಸ್ಟೂಲಿನ ಮೇಲೆ ಕೂತು, ಕೇಳಬೇಕೆಂದೇ ಬಂದದ್ದನ್ನು ಕೇಳಿದಳು.

"ಸರ್, ಗಣಪಿಯವ್ರು ಒಂದೊಂದು ಸುತ್ತಿಗೆ ಎಷ್ಟೆಷ್ಟು ತಗೊಂಡಿದ್ರು, ನಿಮ್ಮ ಹತ್ರ ಬರ್ದಿದ್ದು ಇದ್ಯಾ? ಮೊದ್ಲೇ ಜೋರು ಹೋಗಿದ್ರಾ, ಕೊನೆಗೆ ಎಳೆದಿದ್ರಾ? ಅದು ಗೊತ್ತಾದ್ರೆ ಈ ಸಲ ನಾನು ಹಾಗೇ ಓಡ್ತೆ."

ಪ್ರಮೋದ ಪಟ್ಟಿಯ ಕಡ್ಡಿಯನ್ನು ತೂತಿಗೆ ಕೂರಿಸಲು ನೋಡಿದ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ, ಆದರೆ ಕಡ್ಡಿ ಜಾರಿ ನೆಲಕ್ಕೆ ಬಿತ್ತು. ಹುಡುಕುವ ನೆವದಲ್ಲಿ ಮೇಜಿನ ಕೆಳಗೆ ಬಗ್ಗಿದವನು ಎದ್ದುಬರಲು ಹೊತ್ತು ಹಿಡಿಯಿತು. ಬರೆದದ್ದು ಸಿಕ್ಕರೆ ಹೇಳುತ್ತೇನೆ ಎಂದ. ಅವಳು ಹೋದ ಮೇಲೆ, ಎಂದೋ ಆಡಿದ ಒಂದು ಸುಳ್ಳಿಗೆ ಇವತ್ತು ಇನ್ನೊಂದನ್ನು ಸೇರಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಇಷ್ಟು ಕಾಲ ಅದು ಮುಗಿದುಹೋದ ಸಂಗತಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಒಬ್ಬಳು ಹುಡುಗಿ ದಿನವೂ ಬೆಳಿಗ್ಗೆ ಎದ್ದು ಅದರ ಹಿಂದೆ ಓಡುತ್ತಿದ್ದಾಳೆ.

ಮಧ್ಯಾಹ್ನ ಊಟಕ್ಕೆ ಹೋದಾಗ ಭಾರತಿಗೆ ಎಲ್ಲ ಹೇಳಿದ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಹೇಳದಿದ್ದ ಮಾತು. ಅವಳು ಬಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. ಹಾಗಾದರೆ ಮೀನು ಮಾರ್ಕೆಟಿನ ದಾರಿ ಸುತ್ತುವುದು ಇದಕ್ಕೇ ಎಂದು ಅವಳಿಗೆ ಆಗ ಅರ್ಥವಾಯಿತು. ಬೈಯಲಿಲ್ಲ.

"ಮೊದ್ಲು ಸಂಘಕ್ಕೆ ಹೇಳ್ಬೇಡಿ," ಎಂದಳು. "ಮೊದ್ಲು ಗಣಪಿಗೆ ಹೇಳಿ. ಹೆಸರು ಅವಳ್ದು."

ಮಾರನೆಯ ದಿನ ಅಂಗಡಿ ಮುಚ್ಚಿ ಕಾಗಾಲದ ಬಸ್ಸು ಹತ್ತಿದ. ಗಣಪಿಯ ಮನೆ ಗದ್ದೆಯ ಅಂಚಿನಲ್ಲಿತ್ತು. ಮಳೆ ನಿಂತು ಹೊಳವಾಗಿತ್ತು. ಗಣಪಿಯೂ ಅವಳ ಅಕ್ಕ ಲಕ್ಕಿಯೂ ಜಗುಲಿಯಲ್ಲಿ ಹರಿವೆ ಸೊಪ್ಪು ರಾಶಿ ಹಾಕಿಕೊಂಡು ಕಟ್ಟು ಕಟ್ಟುತ್ತ, ಏನನ್ನೋ ಇಬ್ಬರೂ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಅವನನ್ನು ಕಂಡು ಹಾಡು ನಿಂತಿತು. ಐವತ್ತು ದಾಟಿದ ಹೆಂಗಸು, ಕತ್ತಿನ ತುಂಬ ಕರಿಮಣಿ, ಕೈಕಾಲು ಈಗಲೂ ಓಟಗಾರ್ತಿಯದೇ, ಉದ್ದ, ಬಿಗಿ. ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಭಾರತಕ್ಕನ ಗಂಡ ಅಲ್ದಾ? ಬನ್ನಿ, ಕೂತ್ಕಣಿ. ಎಂತ ಬಂದ್ರಿ ಇಷ್ಟು ದೂರ?"

ಲಕ್ಕಿ ಒಳಗಿಂದ ನೀರು, ಬೆಲ್ಲ ತಂದಿಟ್ಟಳು. ಪ್ರಮೋದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಲಗಡೆಯ ಗುಂಡಿ, ಎಡಗಡೆಯ ಗುಂಡಿ, ಸಾಲು ಸೊನ್ನೆ, ಮಾಸ್ತರ ಪೆನ್ಸಿಲು. ಗಣಪಿ ಸೊಪ್ಪು ಕಟ್ಟುತ್ತಲೇ ಕೇಳಿದಳು. ಅವನು ಮುಗಿಸಿದ ಮೇಲೂ ಎರಡು ಕಟ್ಟು ಕಟ್ಟಿದಳು. ಮೂರನೆಯದಕ್ಕೆ ಬಾಳೆನಾರು ಸುತ್ತುವಾಗ ಕೈ ನಿಂತಿತು.

"ಆ ನಂಬ್ರ ನೀವೇ ಹೇಳಿದ್ದಾ?"

ಹೌದು ಎಂದ.

ಅವಳು ನಾರನ್ನು ಬದಿಗಿಟ್ಟು ಗದ್ದೆಯ ಕಡೆ ತಿರುಗಿದಳು. ಆಮೇಲೆ ಹೇಳತೊಡಗಿದಳು. ಧಾರವಾಡಕ್ಕೆ ಹೋಗುವಾಗ ಕೆಂಪು ಬಸ್ಸಿನಲ್ಲಿ ಮಾಸ್ತರು ದಾರಿಯುದ್ದಕ್ಕೂ ಅದೇ ನಂಬರು ಹೇಳುತ್ತಿದ್ದರಂತೆ. ಅಲ್ಲಿಗೆ ಬರುವವರಲ್ಲಿ ಇಬ್ಬರು ಮಾತ್ರ ನಿನಗಿಂತ ಮುಂದೆ, ಅವರನ್ನು ಬಿಡಬೇಡ, ಅವರ ಬೆನ್ನಿಗೇ ಅಂಟಿಕೊಂಡು ಓಡು ಎಂದರಂತೆ. ಗಣಪಿಯ ಓಟ ಹಾಗಲ್ಲ. ಅವಳು ನಿಧಾನ ಶುರುಮಾಡಿ ಮೈ ಕಾದ ಮೇಲೆ ಬಿಡುವವಳು. ಆದರೆ ಮಾಸ್ತರು ಹೇಳಿದ ಮೇಲೆ ಮುಗಿಯಿತು. ಆ ಇಬ್ಬರ ಹಿಂದೆಯೇ ಹೋದಳು. ಅರ್ಧ ಓಟ ಆಗುವಷ್ಟರಲ್ಲಿ ಎದೆ ಹೊತ್ತಿಕೊಂಡಿತು, ಕಾಲು ಕಲ್ಲಾಯಿತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿಕೊಂಡು ಹೋದರು. ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕನೆಯವಳಾಗಿ ಬಂದಳು. ಊರಲ್ಲಿ ಓಡಿದವಳು ಇಲ್ಲಿ ಯಾಕೆ ಓಡಲಿಲ್ಲ ಎಂದು ಮಾಸ್ತರು ಒಂದೇ ಸಲ ಕೇಳಿದರು. ಮತ್ತೆ ಕುಮಟಾದಲ್ಲಿ ಬಸ್ಸು ಇಳಿಯುವವರೆಗೂ ಮಾತಾಡಲಿಲ್ಲ.

"ನಂಗೆ ಎಂತೋ ಆಗೋಯ್ತು ಅಂದ್ಕಂಡೆ," ಎಂದಳು ಗಣಪಿ. "ಒಂದು ತಿಂಗ್ಳಲ್ಲಿ ಮೈಯ್ಯಾಗಿನ ಶಕ್ತಿ ಇಳ್ದೋಯ್ತು ಅಂದ್ಕಂಡೆ. ಹೆದ್ರಿಕೆಯಾತು. ಓಡೂದೇ ಬಿಟ್ಟೆ. ಇಷ್ಟು ವರ್ಷ ಹಂಗೇ ಅಂದ್ಕಂಡಿದ್ದೆ."

ಇಷ್ಟು ವರ್ಷ ಪ್ರಮೋದ ಅಂದುಕೊಂಡದ್ದೇ ಬೇರೆ. ತಾನು ಹೇಳಿದ ಅಂಕಿ ಹಲಗೆಯ ಮೇಲೆ ಸುಮ್ಮನೆ ಕೂತಿದೆ, ಅದರಿಂದ ಯಾರಿಗೂ ಕೆಡುಕಾಗಲಿಲ್ಲ, ಬದಲಿಗೆ ಅವಳಿಗೆ ಒಂದಿಷ್ಟು ಹೆಸರೇ ಬಂತು ಎಂದು ಅವನು ಒಳಗೊಳಗೆ ನಂಬಿದ್ದ. ತಪ್ಪಾಯಿತು ಎಂದ. ಆ ಮಾತು ಅವನ ಕಿವಿಗೇ ಬಹಳ ಸಣ್ಣದಾಗಿ ಕೇಳಿತು.

ಗಣಪಿ ಬಿಟ್ಟ ನಾರನ್ನು ಎತ್ತಿಕೊಂಡು ಮೂರನೆಯ ಕಟ್ಟು ಬಿಗಿದಳು. ಲಕ್ಕಿಯೇ ಬಾಯಿ ಹಾಕಿದಳು. ಆ ದಿನ ಕುಮಟಾದಲ್ಲಿ ಓಡುವಾಗ ಎಂಟನೆಯ ಸುತ್ತಿನಲ್ಲಿ ಇವಳು ನಿಂತು ಗೆರೆಯ ಬದಿಯಲ್ಲಿದ್ದ ಅಕ್ಕನ ಕೈಯ ಚೊಂಬಿನಿಂದ ನೀರು ಕುಡಿದಿದ್ದಳು, ಅದನ್ನೂ ಲೆಕ್ಕಕ್ಕೆ ಹಿಡಿದಿರಾ ಎಂದು ಕೇಳಿದಳು. ಪ್ರಮೋದನಿಗೆ ನೆನಪಾಯಿತು. ಹುಡುಗಿ ಗೆರೆಯ ಬದಿಗೆ ಹೋಗಿ, ಚೊಂಬು ಎತ್ತಿ, ಬಾಯಿ ಒರೆಸಿಕೊಂಡು ಮತ್ತೆ ಓಡಿದ್ದಳು. ನೋಡುತ್ತಿದ್ದವರೆಲ್ಲ ನಕ್ಕಿದ್ದರು. ಗಣಪಿಯ ಮುಖದಲ್ಲೂ ಈಗ ನಗೆಯ ಒಂದು ಎಳೆ ಬಂತು.

"ಹಂಗಾರೆ ನಾನು ಆವತ್ತು ಎಷ್ಟು ಓಡ್ದೆ ಅಂತ ಯಾರಿಗೂ ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ಲ ಗಣಪಕ್ಕ. ಜೋರು ಓಡಿದ್ರಿ, ಅಷ್ಟು ಗೊತ್ತು."

"ಮಾಸ್ತರು ಇದ್ದಾರಾ ಈಗ?"

ಇದ್ದಾರೆ, ಹೊನ್ನಾವರದಲ್ಲಿ ಮಗಳ ಮನೆಯಲ್ಲಿದ್ದಾರೆ, ಎಂಬತ್ತಾರು ವರ್ಷ ಎಂದ ಪ್ರಮೋದ. ಗಣಪಿ ಕಟ್ಟಿದ ಸೊಪ್ಪನ್ನೆಲ್ಲ ಬುಟ್ಟಿಗೆ ಜೋಡಿಸಿ ಮೇಲೆ ಒದ್ದೆಬಟ್ಟೆ ಹಾಕಿದಳು.

"ಆತು. ಅವ್ರಿಗೆ ನೀವು ಹೇಳ್ಬೇಕು. ನನ್ನ ಎದ್ರಿಗೇ ಹೇಳ್ಬೇಕು."

ಮುಂದಿನ ಭಾನುವಾರ ಪ್ರಮೋದ, ಗಣಪಿ ಇಬ್ಬರೂ ಹೊನ್ನಾವರಕ್ಕೆ ಹೋದರು. ಗಣಪಿಗೆ ಜೊತೆಯಾಗಿರಲಿ ಎಂದು ಭಾರತಿಯೂ ಬಂದಿದ್ದಳು. ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತು ಬಸಳೆ ಚಪ್ಪರದ ವಿಷಯ ಮಾತಾಡಿದರು. ಪ್ರಮೋದ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ.

ಅನಂತಮೂರ್ತಿ ಮಾಸ್ತರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಕಿವಿ ಮಂದವಾಗಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಪ್ರಮೋದ ಗಟ್ಟಿಯಾಗಿ ಹೇಳಬೇಕಾಯಿತು. ಅಡುಗೆಮನೆಯಲ್ಲಿದ್ದ ಮಗಳಿಗೂ, ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. ಮೂವತ್ತನಾಲ್ಕು ವರ್ಷ ಬಾಯೊಳಗೇ ಇಟ್ಟುಕೊಂಡದ್ದನ್ನು ಹೀಗೆ ಕೂಗಿ ಹೇಳುವಾಗ ಅವನಿಗೆ ಬೆವರಿಳಿಯಿತು. ಮಾಸ್ತರು ಎರಡು ಸಲ ಹೇಳಿಸಿದರು. ಆಮೇಲೆ ಮಗಳನ್ನು ಕರೆದು ಕಪಾಟಿನಿಂದ ಹಳೆಯ ಡೈರಿಗಳ ಕಟ್ಟು ತರಿಸಿ, ತೊಂಬತ್ತೊಂದನೆಯದನ್ನು ಹುಡುಕಿ, ಫೆಬ್ರವರಿಯ ಒಂದು ಪುಟ ತೆಗೆದರು. ಧಾರವಾಡದ ಸಮಯ ಅಲ್ಲಿತ್ತು: ಹನ್ನೊಂದು ನಿಮಿಷ ಎಂಟು ಸೆಕೆಂಡು. ಕೆಳಗೆ 'ಹುಡುಗಿ ಮನಸ್ಸು ಕೊಟ್ಟು ಓಡಲಿಲ್ಲ' ಎಂದು ಬರೆದಿದ್ದರು. ಅದನ್ನು ತಾವೇ ಓದಿಕೊಂಡರು. ಗಣಪಿಗೆ ಕೇಳಲೆಂದು ಗಟ್ಟಿಯಾಗಿಯೂ ಓದಿದರು.

"ಇದು ನಾ ಬರ್ದದ್ದು," ಎಂದರು. "ಪ್ರಮೋದ ಹೇಳಿದ್ದು ಒಂದು ತಪ್ಪು. ಅಲ್ಲಿ ನಿನ್ನ ಓಟ ಕಣ್ಣೆದುರಿಗೇ ಇತ್ತು. ನಾನು ಓಟ ನೋಡ್ಲಿಲ್ಲ, ನಂಬರು ನೋಡ್ದೆ. ನಿನ್ನ ಹತ್ರ ಆರು ತಾಸು ಮಾತಾಡದೆ ಕೂತೆ. ಅದು ನನ್ನದು, ಗಣಪಿ."

ಗಣಪಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಆರು ತಾಸಲ್ಲ ಮಾಸ್ತರೆ, ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಿತ್ತು, ಎಂಟು ತಾಸು ಎಂದಳು. ಮಾಸ್ತರು ನಕ್ಕುಬಿಟ್ಟರು. ಅವಳೂ ನಕ್ಕಳು. ಆಮೇಲೆ ಮಾಸ್ತರ ಮಗಳು ಚಾ ತಂದಳು, ಯಾರ ಮಕ್ಕಳು ಎಲ್ಲೆಲ್ಲಿ ಇದ್ದಾರೆ ಎಂಬ ಮಾತಾಯಿತು. ಹೊರಡುವಾಗ ಮಾಸ್ತರು ಕುರ್ಚಿಯ ತೋಳು ಹಿಡಿದು ಎದ್ದು ನಿಂತು ಅವಳನ್ನು ಕಳಿಸಿಕೊಟ್ಟರು. ಪ್ರಮೋದನನ್ನು ಮಾತ್ರ ಬಾಗಿಲಲ್ಲಿ ತಡೆದು, ಚರಿತ್ರೆಯಲ್ಲಿ ಇದನ್ನೆಲ್ಲ ಬರೆ, ನನ್ನ ಡೈರಿಯ ಸಾಲನ್ನೂ ಸೇರಿಸು ಎಂದರು.

ಸಂಘದ ಸಭೆ ಅಷ್ಟು ಸುಲಭವಾಗಲಿಲ್ಲ. ಐವತ್ತನೆಯ ವರ್ಷದಲ್ಲಿ ಇದನ್ನು ಎತ್ತುವುದು ಬೇಕಿತ್ತೇ ಎಂದು ಒಂದಿಬ್ಬರು ಕೇಳಿದರು. ಉಳಿದ ದಾಖಲೆಗಳೂ ಹೀಗೆಯೋ ಎಂದು ಇನ್ನೊಬ್ಬರು ಕೇಳಿದ್ದು ಪ್ರಮೋದನಿಗೆ ಚುಚ್ಚಿತು. ಆದರೂ ಕೇಳುವ ಹಕ್ಕು ಅವರಿಗಿತ್ತು. ಅದೊಂದೇ ಎಂದ. ಇನ್ನು ಮುಂದೆ ತಾನು ಸ್ಟಾಪ್‌ವಾಚು ಹಿಡಿಯುವುದಿಲ್ಲ ಎಂದು ಬರೆದುಕೊಟ್ಟ. ಸುಚಿತಾ ಆ ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು, ಓದಿ ಹೇಳಲಿಲ್ಲ. ಕೊನೆಗೆ ಹಲಗೆಯಿಂದ ಆ ಸಮಯವನ್ನು ತೆಗೆಯುವುದೆಂದು ತೀರ್ಮಾನವಾಯಿತು. ಅಳೆದು ದಾಖಲಾದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಂಕಿತಾಳದು. ಹಾಗಾಗಿ ಹಿಂದಿನ ಜನವರಿಯಿಂದ ದಾಖಲೆ ಅವಳ ಹೆಸರಿನಲ್ಲೇ ಇತ್ತು.

ಅಂಕಿತಾ ಸಭೆಯ ಕೊನೆಯ ಬೆಂಚಿನಲ್ಲಿದ್ದಳು. ಎಲ್ಲರೂ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಲು ಶುರುಮಾಡಿದರು. ಅವಳ ಮುಖ ಗಂಟಾಗಿತ್ತು. ಹೊರಗೆ ಬಂದ ಮೇಲೆ ಪ್ರಮೋದನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

"ಎರಡು ವರ್ಷ ಸರ್. ನಾನು ಯಾರ ಹಿಂದೆ ಓಡ್ತಿದ್ದೆ? ಆವತ್ತು ಅಂಗಡೀಲಿ ಕೇಳ್ದಾಗಾದ್ರೂ ಹೇಳ್ಬಹುದಿತ್ತು."

ಹೇಳಬೇಕಾಗಿತ್ತು ಎಂದ. ಅದಕ್ಕೆ ಸಮಜಾಯಿಷಿ ಕೊಡಲಿಲ್ಲ. ಅವಳು ಕೆಲವು ವಾರ ಅವನ ಜೊತೆ ಮಾತಾಡಲಿಲ್ಲ. ಭಾನುವಾರದ ಅಭ್ಯಾಸಕ್ಕೆ ಬಂದರೂ ದೂರದಿಂದಲೇ ತಲೆ ಆಡಿಸಿ ಹೋಗುತ್ತಿದ್ದಳು. ಅಕ್ಟೋಬರಿನಲ್ಲಿ ಒಂದು ದಿನ ಅವಳೇ ಕಾಗಾಲಕ್ಕೆ ಹೋಗಿ ಬಂದಳೆಂದು ಭಾರತಿ ಪೇಟೆಯಿಂದ ಸುದ್ದಿ ತಂದಳು. ಗಣಪಿಯ ಜೊತೆ ಗದ್ದೆಯಂಚಿನಲ್ಲಿ ನಡೆದು, ಬರಿಗಾಲಲ್ಲಿ ತಿರುವು ತೆಗೆಯುವುದು ಹೇಗೆ, ಎಲ್ಲಿ ತಡೆದುಕೊಳ್ಳುವುದು, ಎಲ್ಲಿ ಬಿಡುವುದು ಎಂದು ಕೇಳಿದಳಂತೆ. ಬರುವಾಗ ಎರಡು ಕಟ್ಟು ಮೂಲಂಗಿ ಹೊತ್ತುಕೊಂಡು ಬಂದಳಂತೆ.

ಪ್ರಮೋದ ಖಾಲಿ ಬಿಟ್ಟ ಪುಟಕ್ಕೆ ಮರಳಿದ. ಒಂದು ಪುಟ ಸಾಲದೆ ನಾಲ್ಕು ಹಾಳೆ ಬೇರೆ ಅಂಟಿಸಿದ. ಅಚ್ಚಿಗೆ ಕೊಡುವ ಮೊದಲು ಕಾಗಾಲಕ್ಕೆ ಒಯ್ದು ಗಣಪಿಗೆ ಓದಿ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿ, ಒಂದೇ ಒಂದು ತಿದ್ದುಪಡಿ ಹೇಳಿದಳು. ನೀರು ಕುಡಿದದ್ದನ್ನು ಬರೆದದ್ದು ಸರಿ, ಆದರೆ ಚೊಂಬು ಲಕ್ಕಿಯದಲ್ಲ, ಅಮ್ಮನದು. ಅದನ್ನೂ ತಿದ್ದಿದ.

ಜನವರಿಯ ಮೂರನೆಯ ಭಾನುವಾರ ಕೂಟ ನಡೆಯಿತು. ಮಾಸ್ತರನ್ನು ಸುಚಿತಾ ತನ್ನ ಕಾರಿನಲ್ಲೇ ಕರೆತಂದಳು. ಗಣಪಿ, ಲಕ್ಕಿ ಇಬ್ಬರೂ ಸಂತೆಗೆ ತರುವ ಬುಟ್ಟಿಯಲ್ಲೇ ಬಾಳೆಹಣ್ಣು ತಂದಿದ್ದರು. ವೇದಿಕೆಗೆ ಕರೆದರೂ ಹತ್ತದೆ, ಮಾಸ್ತರ ಕುರ್ಚಿಯ ಪಕ್ಕದ ಬೆಂಚಿನಲ್ಲಿ ಕೂತರು. ಮೂರು ಸಾವಿರ ಮೀಟರಿಗೆ ಹೆಸರು ಕರೆಯುವಾಗ ಅಂಕಿತಾ ಗೆರೆಯಿಂದ ಹೊರಗೆ ಬಂದು ಪ್ರಮೋದನ ಹತ್ತಿರ ಬಂದಳು. ಸುಚಿತಾಳ ಕೈಯಿಂದ ಸ್ಟಾಪ್‌ವಾಚೊಂದನ್ನು ಇಸಕೊಂಡು ಅವನ ಮುಂದೆ ಹಿಡಿದಳು.

"ಮೂರು ಜನ ಹಿಡೀಬೇಕಂತೆ ಸರ್, ಇನ್ನು ಮೇಲೆ. ಇಬ್ಬರೇ ಇದ್ದಾರೆ. ನೀವೂ ಹಿಡೀರಿ. ಸೊನ್ನೆ ಬಂದ್ರೆ ಸೊನ್ನೆ ಅಂತ್ಲೇ ಹೇಳಿ."

ಅವನು ತೆಗೆದುಕೊಂಡ. ಆತು ಎಂದ.

ಅಂಕಿತಾ ಆ ದಿನ ನಿಧಾನ ಶುರುಮಾಡಿದಳು. ಮೊದಲ ನಾಲ್ಕು ಸುತ್ತು ಭಟ್ಕಳದ ಹುಡುಗಿಯೊಬ್ಬಳು ಮುಂದಿದ್ದಳು. ಐದನೆಯದರಲ್ಲಿ ಅಂಕಿತಾ ಅವಳನ್ನು ದಾಟಿದಳು. ಏಳನೆಯದರಲ್ಲಿ ತಿರುವಿನಲ್ಲಿ ಒಳಗೆ ವಾಲಿಕೊಂಡು ಹೋದ ರೀತಿ ನೋಡಿ ಗಣಪಿ ಬೆಂಚಿನಿಂದ ಎದ್ದುನಿಂತು ಏನೋ ಕೂಗಿದಳು. ಮಾಸ್ತರಿಗೆ ಕೇಳಲಿಲ್ಲ. ಅವರು ಲಕ್ಕಿಯನ್ನು ಕೇಳಿ ತಿಳಿದುಕೊಂಡು ತಾವೂ ಅದನ್ನೇ ಕೂಗಿದರು. ಅಂಕಿತಾ ನಲವತ್ತು ಮೀಟರು ಮುಂದಾಗಿ ಗೆರೆ ದಾಟಿದಳು. ಪ್ರಮೋದ ಬಲಗಡೆಯ ಗುಂಡಿ ಒತ್ತಿ, ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದ. ಮೂರು ವಾಚುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹತ್ತು ನಿಮಿಷ ನಲವತ್ತಾರು ಸೆಕೆಂಡಿನ ಆಸುಪಾಸು. ಅವಳದೇ ಹಿಂದಿನ ವರ್ಷದ ಓಟಕ್ಕಿಂತ ನಿಧಾನ.

ಪ್ರಮೋದ ಅದನ್ನು ಹೇಳಿದಾಗ ಅಂಕಿತಾ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದಳು. ಉಸಿರು ಹತೋಟಿಗೆ ಬಂದ ಮೇಲೆ ತಲೆ ಎತ್ತಿದಳು. ಈ ಸಲ ಅಳಲಿಲ್ಲ. ಕೊನೆಯ ಎರಡು ಸುತ್ತಿನಲ್ಲಿ ಕಾಲು ಹಗುರವಾಗಿತ್ತು, ಇನ್ನೂ ಸ್ವಲ್ಪ ಮೊದಲೇ ಬಿಡಬೇಕಿತ್ತು ಎಂದಳು. ಹಾಗೆಂದು ಗಣಪಿಗೂ ಹೇಳಲು ಬೆಂಚಿನ ಕಡೆ ಹೋದಳು.

ಅವರಿಬ್ಬರೂ ತುಂಬ ಹೊತ್ತು ಮಾತಾಡಿದರು. ಗಣಪಿ ಕೈಯಲ್ಲಿ ಗಾಳಿಯಲ್ಲೇ ಒಂದು ತಿರುವು ಬರೆದು ತೋರಿಸಿದಳು, ಅಂಕಿತಾ ಅದನ್ನು ಅಲ್ಲ ಎಂಬಂತೆ ಇನ್ನೊಂದು ಬರೆದಳು. ಮಾಸ್ತರು ಬಾಳೆಹಣ್ಣು ಸುಲಿಯುತ್ತ, ಕೇಳಿಸದಿದ್ದರೂ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಅತ್ತ ಗಂಡಸರ ಐದು ಸಾವಿರಕ್ಕೆ ಹೆಸರು ಕರೆಯುತ್ತಿದ್ದರು. ಪ್ರಮೋದ ಹಾಳೆಯಲ್ಲಿ ಮೂರೂ ವಾಚಿನ ಸಮಯವನ್ನು ಬೇರೆ ಬೇರೆಯಾಗಿ ಬರೆದು, ಉಳಿದಿಬ್ಬರ ಸಹಿ ಹಾಕಿಸಿ, ತಾನೂ ಸಹಿ ಮಾಡಿ, ಗೆರೆಯ ಬಳಿ ತನ್ನ ಜಾಗಕ್ಕೆ ಹೋಗಿ ನಿಂತ.